ಹಸಿದ ಇದ್ದಿಲಿನ ಮಾಸ್ತರರು

ಅವರು ನೀರನ್ನು ನೋಡದೆ ಕುಡಿದವರಲ್ಲ. ಗಾಜಿನ ಲೋಟವಾದರೆ ಬೆಳಕಿಗೆ ಹಿಡಿದು, ಹಿತ್ತಾಳೆಯ ತಂಬಿಗೆಯಾದರೆ ಒಳಗೆ ಇಣುಕಿ, ಆಮೇಲೆ ಕುಡಿಯುತ್ತಿದ್ದರು. ನೀರಿನಲ್ಲಿ ಕರಗಿದ ಸೀಸವು ಕಣ್ಣಿಗೆ ಕಾಣುವುದಿಲ್ಲವೆಂದು ನಮಗೆಲ್ಲ ಹೇಳಿಕೊಟ್ಟವರೂ ಅವರೇ. ಕಾಣುವುದಿಲ್ಲವೆಂದು ಬಲ್ಲವರು ಏನನ್ನು ನೋಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದುಂಟು.

"ಕಾಣದ್ದಕ್ಕೂ ಒಂದು ಮರ್ಯಾದಿ ಕೊಡಬೇಕ್ರೀ ಪಂಡಿತರ" ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ಮೂರು ವಾರ ತಡವಾಗಿ, ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ, ನಿಡಗುಂದಿಯ ಕಡೆಯಿಂದ ಬಂದ ಶಿಕ್ಷಕರೊಬ್ಬರ ಬಾಯಿಂದ ತಿಳಿಯಿತು. ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರಂತೆ. ಮುಂಜಾನೆ ಬಾಗಿಲು ತೆರೆಯಲಿಲ್ಲವಂತೆ. ಅಷ್ಟು ಹೇಳಿ ಆ ಶಿಕ್ಷಕರು ತಮ್ಮ ಬಸ್ಸಿಗೆ ಓಡಿದರು. ನನ್ನ ಬಸ್ಸು ಬಂದು ಹೋದದ್ದು ನನಗೆ ತಿಳಿಯಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸಿಂದಗಿಯ ಒಂದು ಓಣಿಯಲ್ಲಿ ಆ ಹೆಸರಿಗೆ ಒಂದು ಕಳಂಕ ಅಂಟಿಕೊಂಡಿತ್ತು. ಆ ಕಳಂಕ ನನ್ನದಾಗಿತ್ತು. ಪರರ ತಪ್ಪುಗಳಿಗೆ ಕೆಂಪು ಶಾಯಿಯ ಗೆರೆ ಎಳೆಯುತ್ತ ಹನ್ನೊಂದು ವರ್ಷ ಕನ್ನಡ ಕಲಿಸಿದವನು ನಾನು. ಕೆಲವು ತಪ್ಪುಗಳನ್ನು ಗೆರೆ ಎಳೆದು ಸರಿಪಡಿಸಲಾಗದು ಎಂಬುದನ್ನು ಕಲಿಯಲು ನನಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಸಿಂದಗಿಯ ಹೈಸ್ಕೂಲಿನಲ್ಲಿ ನಾನು ಕನ್ನಡಕ್ಕೆ, ಅವರು ವಿಜ್ಞಾನಕ್ಕೆ. ನನಗಿಂತ ಐದಾರು ವರ್ಷ ಹಿರಿಯರು. ಬಸವನ ಬಾಗೇವಾಡಿಯ ಕಡೆಯವರು. ಉದ್ದನೆಯ ಬಿಳಿ ಅಂಗಿ; ಅದರ ತೋಳಿನ ತುದಿ ಯಾವಾಗಲೂ ಕಪ್ಪು. ಉಗುರ ಸಂದಿಯ ಮಸಿಯನ್ನು ಕಂಡ ಮುಖ್ಯಾಧ್ಯಾಪಕರು "ಏನ್ರಿ, ರಾತ್ರಿ ರೈಲ್ವೆ ಇಂಜಿನ್ ನಡಸ್ತೀರೇನು?" ಎಂದು ಕೇಳುತ್ತಿದ್ದರು. ನಮ್ಮ ವಿಜ್ಞಾನ ಮಾಸ್ತರರ ಭಾಷೆ ಅಪ್ಪಟ ಬಿಜಾಪುರದ್ದು. ನಾನೋ ಉಪ್ಪಿನಕಾಯಿ ಬೇಡುವಾಗಲೂ ಗ್ರಾಂಥಿಕವನ್ನು ಬಿಡದವನು. ಆದ್ದರಿಂದಲೇ ಅವರು ನನ್ನನ್ನು 'ಪಂಡಿತರ' ಎಂದು ಕರೆದದ್ದು. ಆ ಕರೆಯಲ್ಲಿ ಅರ್ಧ ಚೇಷ್ಟೆ, ಅರ್ಧ ಗೌರವ. ಯಾವುದು ಎಷ್ಟು ಎಂದು ನನಗೆ ಎಂದೂ ಅಳೆಯಲಾಗಲಿಲ್ಲ.

ಇಬ್ಬರೂ ಉಣ್ಣುತ್ತಿದ್ದುದು ಬಸಲಿಂಗವ್ವನ ಖಾನಾವಳಿಯಲ್ಲಿ. ಗಂಡನನ್ನು ಕಳೆದುಕೊಂಡ ಮೇಲೆ ರೊಟ್ಟಿ ಬಡಿದೇ ಮಗನನ್ನು ಬೆಳೆಸಿ, ಲಗ್ನ ಮಾಡಿದ ಹೆಂಗಸು. ಅವಳ ಜೋಳದ ರೊಟ್ಟಿ ಎಲೆಯಷ್ಟು ತೆಳುವಾಗಿರುತ್ತಿತ್ತು. ಆ ವರ್ಷ ಅದು ತಿಂಗಳಿಂದ ತಿಂಗಳಿಗೆ ದಪ್ಪವಾಗತೊಡಗಿತು. ಲಾರಿಯ ಚಾಲಕನೊಬ್ಬ ತಟ್ಟೆಯ ಮೇಲೆ ರೊಟ್ಟಿಯನ್ನು ಕುಟ್ಟಿ, "ಯವ್ವಾ, ಇದು ರೊಟ್ಟೀನೋ, ಬೀಸೂಕಲ್ಲೋ?" ಎಂದ. ನಾವೆಲ್ಲ ನಕ್ಕೆವು. ಅವರು ಮಾತ್ರ ಎದ್ದು ಒಲೆಯ ಹತ್ತಿರ ಹೋದರು.

"ಕೈ ಚಾಚವ್ವ."

ಬಸಲಿಂಗವ್ವ ಎರಡೂ ಕೈಗಳನ್ನು ಮುಂದೆ ಚಾಚಿದಳು. ಎಡಗೈ ನೆಟ್ಟಗೆ ನಿಂತಿತು. ಬಲಗೈ ಮಣಿಕಟ್ಟಿನಲ್ಲಿ ಜೋತುಬಿತ್ತು, ಒದ್ದೆ ಬಟ್ಟೆಯ ಹಾಗೆ.

"ವಯಸ್ಸಾತ್ರಿ. ಈ ಕೈ ನನ್ನ ಮಾತ ಕೇಳವಲ್ದು" ಎಂದಳು ಅವಳು.

"ವಯಸ್ಸಾದ್ರ ಎರಡೂ ಕೈಗೆ ಆಗಬೇಕಲ್ಲವ್ವ. ಬಾಯಿ ತೆರಿ, ನೋಡೋಣು."

ಒಸಡಿನ ಅಂಚಿನಲ್ಲಿ ಸೂಜಿದಾರದಷ್ಟು ತೆಳುವಾದ ನೀಲಿ ಗೆರೆ ಇತ್ತು; ಸೀಸ ಮೈಗೇರಿದ್ದರ ಗುರುತು. ಆ ವಾರವೇ ಅವರು ಓಣಿಯ ಮನೆಮನೆಗೆ ಹೋಗಿ ಹಿರಿಯರ ಬಾಯಿ ತೆರೆಸಿದರು. ಹೊಟ್ಟೆ ಹಿಂಡುವವರು, ಮಲಬದ್ಧತೆಯವರು, ಕಾರಣವಿಲ್ಲದೆ ಬಿಳಿಚಿಕೊಂಡವರು ಹಲವರಿದ್ದರು; ಗೆರೆ ಅನೇಕರಲ್ಲಿ ಕಂಡಿತು. ಎಲ್ಲರೂ ಕುಡಿಯುತ್ತಿದ್ದುದು ಒಂದೇ ಬಾವಿಯ ನೀರು. ಬಾವಿಯಿಂದ ಇಪ್ಪತ್ತು ಹೆಜ್ಜೆಯ ದೂರದಲ್ಲಿ ಒಬ್ಬನು ಲಾರಿಗಳ ಹಳೆಯ ಬ್ಯಾಟರಿಗಳನ್ನು ಒಡೆದು, ಸೀಸವನ್ನು ಕರಗಿಸಿ, ಭೀಮೆಯ ಮೀನುಗಾರರ ಬಲೆಗಳಿಗೆ ಗುಂಡುಗಳನ್ನು ಎರಕ ಹೊಯ್ಯುತ್ತಿದ್ದ. ಬ್ಯಾಟರಿಯ ಒಳಗಿನ ಹುಳಿನೀರನ್ನು ಎರೆಭೂಮಿಯ ಬಿರುಕುಗಳಲ್ಲಿ ಸುರಿಯುತ್ತಿದ್ದ. ಬೇಸಗೆಯಲ್ಲಿ ನಮ್ಮ ಎರೆಯ ಬಿರುಕಿಗೆ ಇಳಿಸಿದ ಕೋಲು ಕೈಗೆ ಮರಳಿ ಸಿಗುವುದಿಲ್ಲ. ಹುಳಿನೀರು ಎಲ್ಲಿ ತಲುಪಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಓಣಿಯ ಬಾವಿಯ ಒಂದು ಕೊಡ ನೀರನ್ನೂ ಶಾಲೆಯ ಬಾವಿಯ ಒಂದು ಕೊಡ ನೀರನ್ನೂ ಒಂದೊಂದು ಬಟ್ಟಲಾಗುವ ತನಕ ಅವರು ಬೇರೆಬೇರೆಯಾಗಿ ಕುದಿಸಿದರು. ಎರಡಕ್ಕೂ ತುಸು ಆಮ್ಲ ಸೇರಿಸಿ, ಕೊಳೆತ ತತ್ತಿಯ ವಾಸನೆಯ ಅನಿಲವನ್ನು ಹಾಯಿಸಿದರು. ಶಾಲೆಯ ನೀರು ಇದ್ದಂತೆಯೇ ಇತ್ತು. ಓಣಿಯ ನೀರು ಕಂದಿ, ಮಸಿ ಕದಡಿದಂತಾಯಿತು. ವಾಸನೆಗೆ ಮೂಗು ಮುಚ್ಚಿ ನಿಂತಿದ್ದ ನನಗೆ ಅವರು ಬಟ್ಟಲನ್ನು ತೋರಿಸಿ, "ಇದನ್ನ ಉಂಡೇವ್ರಿ ನಾವೂ" ಎಂದರು.

ಬಾವಿಯನ್ನು ಬಿಟ್ಟುಬಿಡಿರೆಂದು ನಾನು ಬಸಲಿಂಗವ್ವನಿಗೆ ಹೇಳಿದೆ.

"ಬಿಟ್ಟು? ಊರಾನ ಉಳಿದ ಬಾವಿ ಎಲ್ಲಾ ಸವಳು. ಸವಳ ನೀರಾಗ ಬ್ಯಾಳಿ ಬೇಯೂದಿಲ್ಲ ಮಾಸ್ತರ. ನಿಮ್ಮ ವ್ಯಾಕರಣ ಹಾಕಿ ಬೇಯಸ್ಲೇನು?"

ಬ್ಯಾಟರಿಯವನ ಅಂಗಡಿಯ ಮುಂದೆ ಅವರು ಮೂರು ದಿನ ಹೋಗಿ ಕುಳಿತರು. ಜಗಳವಾಡಲಿಲ್ಲ, ಅವನ ಒಸಡನ್ನೂ ಕನ್ನಡಿಯಲ್ಲಿ ಅವನಿಗೇ ತೋರಿಸಿದರು. ನಾಲ್ಕನೆಯ ದಿನ ಅಂಗಡಿ ಊರಾಚೆಗೆ ಹೋಯಿತು. ಆದರೆ ನೆಲ ಕುಡಿದದ್ದು ನೆಲದಲ್ಲಿಯೇ ಇತ್ತು. ಅದು ಎಷ್ಟು ವರ್ಷ ಬಾವಿಗೆ ಇಳಿಯುವುದೋ ಹೇಳಬಲ್ಲವರಿರಲಿಲ್ಲ. ಆಗ ಅವರು ಇದ್ದಿಲಿನ ಕೆಲಸಕ್ಕೆ ಕೈಹಾಕಿದರು.

ಪ್ರತಿ ರವಿವಾರ ಬಾಗೇವಾಡಿಗೆ ಹೋಗಿ, ಗುಡಿಯಲ್ಲಿ ಒಡೆದ ತೆಂಗಿನಕಾಯಿಗಳ ಕರಟಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ಕಂಡಕ್ಟರ್ ಒಬ್ಬ, "ಕಾಯಿ ಒಡಿಸಿದವ್ರು ಕೊಬ್ಬರಿ ಒಯ್ದರು, ನೀವು ಬರೇ ಪರಟಿ ಹೊತ್ತೀರಿ. ದೇವರು ನಿಮಗಿಷ್ಟ ಕೊಟ್ಟನೇನ್ರಿ?" ಎಂದನಂತೆ. "ಕೊಬ್ಬರಿ ಯಾವ ವಿಷಾನೂ ತಿನ್ನಂಗಿಲ್ಲೋ ಮಾರಾಯ" ಎಂದು ಇವರ ಉತ್ತರ. ಕರಟಗಳನ್ನು ಮುಚ್ಚಿದ ಕಬ್ಬಿಣದ ಪೀಪಾಯಿಯಲ್ಲಿ ಸುಟ್ಟು ಇದ್ದಿಲು ಮಾಡುವರು. ಇದ್ದಿಲು ಕೆಂಪಗೆ ಕಾದಿರುವಾಗಲೇ ಒಂದು ಕೊಳವೆಯಿಂದ ಹನಿಹನಿಯಾಗಿ ನೀರು ಬಿಡುವರು. ನೀರು ಉಗಿಯಾಗಿ ಇದ್ದಿಲಿನೊಳಗೆ ನುಗ್ಗಿ, ಅಲ್ಲಿ ಅಡಗಿದ್ದ ಜಿಡ್ಡನ್ನೆಲ್ಲ ಹೊರದೂಡಿ, ಕಣ್ಣಿಗೆ ಕಾಣದ ಸಾವಿರ ಸಾವಿರ ರಂಧ್ರಗಳನ್ನು ತೆರೆಯುತ್ತದೆ; ಸೀಸ ಬಂದು ಆ ರಂಧ್ರಗಳ ಗೋಡೆಗೆ ಅಂಟುತ್ತದೆ. ಇದು ಅವರು ನನಗೆ ಕೊಟ್ಟ ವಿವರಣೆ. ಅದನ್ನು ಅವರು 'ಹಸಿದ ಇದ್ದಲಿ' ಎಂದು ಕರೆದರು. ಶಾಸ್ತ್ರೀಯವಾದ ಹೆಸರು 'ಸಕ್ರಿಯ ಇಂಗಾಲ' ಎಂದು ನಾನು ತಿದ್ದಿದೆ.

"ನಿಮ್ಮ ಹೆಸರು ಪುಸ್ತಕದಾಗ ಇರಲಿ. ಬಸಲಿಂಗವ್ವ ದಿನಾ ನಲವತ್ತು ಮಂದಿಗೆ ಉಣಸ್ತಾಳ. ಹಸಿವು ಅಂದ್ರ ಏನಂತ ಅಕಿಗೆ ತಿಳದೈತಿ. ಹೊಟ್ಟಿ ತುಂಬಿದ ಮ್ಯಾಲೆ ಇದ್ದಲಿ ಉಣ್ಣಂಗಿಲ್ಲ, ಬದಲಿ ಮಾಡಬೇಕು ಅಂದ್ರೂ ಅಕಿಗೆ ತಿಳೀತೈತಿ."

ಬಾವಿಯ ಕಟ್ಟೆಯ ಪಕ್ಕದಲ್ಲಿ ಕಟ್ಟಿಗೆಯ ಚೌಕಟ್ಟಿನ ಮೇಲೆ ಒಂದರ ಕೆಳಗೊಂದು ಮಣ್ಣಿನ ಗಡಿಗೆಗಳು ನಿಂತವು. ಮೇಲಿನದರಲ್ಲಿ ಉಸುಕು, ನಡುವಿನದರಲ್ಲಿ ಇದ್ದಿಲು, ಕೆಳಗಿನದರಲ್ಲಿ ಬಸಿದು ಬಂದ ನೀರು. ಅಂಥ ಆರು ಸಾಲು. "ನೀರಿಗೆ ಮಸಿ ಹಾಕಿ ಬೆಳ್ಳಗ ಮಾಡೂ ಮಾಸ್ತರನ್ನ ನನ್ನ ಜನ್ಮದಾಗ ಕಂಡಿದ್ದಿಲ್ಲ" ಎಂದು ಬಸಲಿಂಗವ್ವ ಗದ್ದಕ್ಕೆ ಕೈಹಚ್ಚಿದಳು. ಗಡಿಗೆಯ ನೀರನ್ನು ಕುದಿಸಿ ಅನಿಲ ಹಾಯಿಸಿದಾಗ ಅದು ಕಂದಲಿಲ್ಲ. ಪ್ರತಿ ತಿಂಗಳು ಹಳೆಯ ಇದ್ದಿಲನ್ನು ದೂರದ ಹಗೇವಿನಲ್ಲಿ, ಪಾಳುಬಿದ್ದ ಧಾನ್ಯದ ಗುಂಡಿಯಲ್ಲಿ, ಹೂತು ಹೊಸದನ್ನು ತುಂಬುವರು. ಐದಾರು ತಿಂಗಳಲ್ಲಿ ರೊಟ್ಟಿ ಮತ್ತೆ ತೆಳುವಾಯಿತು. ಅಂದು ಅವರು ರೊಟ್ಟಿಯನ್ನು ಬೆಳಕಿಗೆ ಹಿಡಿದು, ಅದರ ಆಚೆಯ ದೀಪವನ್ನು ನೋಡಿ, ನಾಲ್ಕು ತಿಂದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಮತ್ತೆ ಕಾಣಲಿಲ್ಲ.

ಆ ಮಳೆಗಾಲದಲ್ಲಿ ಅವರನ್ನು ಒಂದು ತರಬೇತಿಗೆಂದು ಮೂರು ತಿಂಗಳು ಮುದ್ದೇಬಿಹಾಳಕ್ಕೆ ಕಳುಹಿಸಿದರು. ಅಷ್ಟು ದಿನಕ್ಕೆ ಬೇಕಾದ ಇದ್ದಿಲನ್ನು ಮೊದಲೇ ಮಾಡಿಟ್ಟಿದ್ದರು. ಹೋಗುವ ದಿನ ಬಸ್ಸಿನ ಕಿಟಕಿಯಿಂದ ನನಗೊಂದು ಹಾಳೆ ಕೊಟ್ಟರು. ಗಡಿಗೆಗಳನ್ನು ನೋಡಿಕೊಳ್ಳುವ ರೀತಿ ಅದರಲ್ಲಿತ್ತು. "ನಿಮ್ಮ ಅಕ್ಷರ ಮುತ್ತಿನಂಗ ಅದಾವ. ಒಂದು ಹಲಗಿ ಮ್ಯಾಲೆ ಬರದು ಬಾವಿ ಹತ್ರ ಹಾಕ್ರಿ. ಏನೂ ಬಿಡಬ್ಯಾಡ್ರಿ."

ಏನನ್ನೂ ಬಿಡಬೇಡಿರೆಂದು ಅವರು ಹೇಳಿದ್ದು ನಿಜ. ಹಾಳೆಯನ್ನು ಬಿಡಿಸಿದಾಗ ನನ್ನ ಕಣ್ಣಿಗೆ ಬಿದ್ದುದು ಅಸ್ತವ್ಯಸ್ತವಾದ ಹದಿನೇಳು ವಾಕ್ಯಗಳು: ಕ್ರಮವಿಲ್ಲ, ಕೆಲವಕ್ಕೆ ಕ್ರಿಯಾಪದವಿಲ್ಲ, ಹೇಳಿದ್ದನ್ನೇ ಹೇಳಿದ್ದು ಮೂರು ಕಡೆ. ನಾನು ಒಂದು ಸಂಜೆ ಕುಳಿತು ಅವನ್ನು ಒಂಬತ್ತು ವಾಕ್ಯಗಳಿಗೆ ಇಳಿಸಿದೆ. ಹನ್ನೊಂದನೆಯ ವಾಕ್ಯ ಹೀಗಿತ್ತು: 'ಇದ್ದಲಿಗೆ ಹುಣಸಿಹುಳಿ ನಿಂಬಿಹುಳಿ ಮುಟ್ಟಸಬ್ಯಾಡ್ರಿ ತಿಂದದ್ದೆಲ್ಲಾ ಕಾರತೈತಿ.' ಕುಡಿಯುವ ನೀರಿಗೆ ಹುಣಸೆಹಣ್ಣನ್ನು ಯಾರು ಹಾಕುತ್ತಾರೆ? ಅಪ್ರಸ್ತುತವೆಂದು ಗೆರೆ ಎಳೆದೆ. ಒಂಬತ್ತಕ್ಕೆ ಒಂದು ಸಮಾಪ್ತಿ ಬೇಕೆನ್ನಿಸಿ, ಹತ್ತನೆಯದನ್ನು ನಾನೇ ರಚಿಸಿದೆ: 'ಗಡಿಗೆಗಳನ್ನೂ ಇದ್ದಿಲನ್ನೂ ಸದಾ ಸ್ವಚ್ಛವಾಗಿ ಇಡತಕ್ಕದ್ದು.'

ಹಲಗೆ ಸುಂದರವಾಗಿತ್ತು. ಅದನ್ನು ಓಣಿಯ ಹೆಂಗಸರಿಗೆ ಓದಿ ಹೇಳಿದವಳು ನೀಲವ್ವ, ಬಸಲಿಂಗವ್ವನ ಸೊಸೆ. ಮೋರಟಗಿಯ ಹುಡುಗಿ, ನಾಲ್ಕನೆಯ ಇಯತ್ತೆ ಕಲಿತವಳು. ಆಗ ಅವಳಿಗೆ ಚೊಚ್ಚಲ ಬಸಿರು, ಎರಡು ತಿಂಗಳು ತುಂಬಿತ್ತು. ಪ್ರತಿ ಅಕ್ಷರಕ್ಕೂ ಬೆರಳಿಟ್ಟು, ಒತ್ತಕ್ಷರಗಳನ್ನೂ ತಪ್ಪದೆ ಓದಿದಳು. ನಾನು ಅವಳನ್ನು ಹೊಗಳಿದೆ.

ಮಹಾನವಮಿಗೆ ಘಟ ಹಾಕುವ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ, ಬಟ್ಟೆ, ಪಾತ್ರೆ ಯಾವುದೂ ತೊಳೆಯದೆ ಉಳಿಯುವುದಿಲ್ಲ. ತಾಮ್ರ ಹಿತ್ತಾಳೆಗಳಿಗೆ ಹುಣಸೆಹಣ್ಣು ಬೇಕೇ ಬೇಕು. ಇದು ನನಗೆ ತಿಳಿಯದ ಸಂಗತಿಯಲ್ಲ. ನನ್ನ ತಾಯಿಯ ಕೈಗಳಿಂದ ಆ ವಾರವೆಲ್ಲ ಹುಳಿ ವಾಸನೆ ಬರುತ್ತಿತ್ತು. ಮುದ್ದೇಬಿಹಾಳದಿಂದ ಅವರು ದಸರೆಯ ರಜೆಗೆ ಮರಳಿದ ದಿನ ನಾವಿಬ್ಬರೂ ಖಾನಾವಳಿಗೆ ಹೋದೆವು. ನೀಲವ್ವ ಹೊಸ್ತಿಲಲ್ಲಿಯೇ ತಡೆದಳು.

"ಸರ್ರ, ನಿಮ್ಮ ಇದ್ದಲಿ ಲೋಳಿ ಲೋಳಿ ಆಗಿತ್ರಿ. ಹಬ್ಬ ಬಂತಲ್ಲ, ಹುಣಸಿಹಣ್ಣ ಕಿವುಚಿ, ಆರೂ ಗಡಿಗೀದು ತಿಕ್ಕಿ ತಿಕ್ಕಿ ತೊಳದೇನಿ. ಹಲಗಿ ಮ್ಯಾಲೆ ಬರದೈತಲ್ರಿ, ಸ್ವಚ್ಛ ಇಡಬೇಕಂತ!"

ಅವರ ಮುಖದಲ್ಲಿದ್ದ ನಗು ಹಾಗೆಯೇ ನಿಂತಿತು. ಕಣ್ಣುಗಳು ಮಾತ್ರ ಅದನ್ನು ಬಿಟ್ಟು ಹೋದವು.

"ಯಾವಾಗ ತೊಳದೆವ್ವಾ?"

"ಎಂಟೊಂಬತ್ತು ದಿನ ಆತ್ರಿ."

"ಕುಡದೀ ಆ ನೀರು?"

"ಮತ್ತ? ಎಲ್ಲಾರಕ್ಕಿಂತ ಮುಂಚೆ ನಾನ ಕುಡದೆ. ನನಗ ಹೊಟ್ಯಾಗ ಕೂಸೈತಿ, ಛಲೋ ನೀರು ಕುಡಿ ಅಂತ ನೀವ ಹೇಳಿದ್ರಲ್ಲ" ಎಂದಳು. ಹೊಟ್ಟೆಯ ಮೇಲೆ ಕೈಯಿಟ್ಟು, "ನಾಕು ದಿನದಿಂದ ಹೊಟ್ಟಿ ಹಿಂಡಾಕತ್ತೈತ್ರಿ" ಎಂದು ಸೇರಿಸಿದಳು.

ಅವರು ಬಾವಿಯ ಕಡೆಗೆ ಓಡಿದರು. ಗಡಿಗೆಗಳನ್ನು ಒಂದೊಂದಾಗಿ ಎರಡು ಕೈಗಳಿಂದ ಬೋರಲು ಹಾಕಿದರು. ಒಂದು ಕೊಡದಷ್ಟನ್ನು ಮಾತ್ರ ಪರೀಕ್ಷೆಗೆ ಉಳಿಸಿಕೊಂಡರು. ಆಮೇಲೆ ಹಲಗೆಯ ಮುಂದೆ ನಿಂತು ಮೊದಲಿಂದ ಕೊನೆಯವರೆಗೆ ಓದಿದರು. ಓದಿ ಮುಗಿಸಿದ ಮೇಲೆಯೂ ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು. ನಾನು ಅವರ ಬೆನ್ನನ್ನು ನೋಡುತ್ತಿದ್ದೆ.

ಮರುದಿನ ಪ್ರಯೋಗಶಾಲೆಯಲ್ಲಿ ಎರಡು ಬಟ್ಟಲು ಇಟ್ಟರು. ಬಾವಿಯ ನೀರು ಕಂದಿತು. ಗಡಿಗೆಯ ನೀರು ಅದಕ್ಕಿಂತಲೂ ಕಪ್ಪಾಯಿತು. ತಿಂಗಳಿಡೀ ಹನಿಹನಿಯಾಗಿ ಬಂದ ವಿಷವನ್ನು ಹುಳಿಯು ಸಡಿಲಿಸಿ, ಒಂದೇ ವಾರದಲ್ಲಿ ಮರಳಿ ಕೊಟ್ಟಿತ್ತು. ಅದರ ಮರುದಿನ ನೀಲವ್ವನ ಗರ್ಭ ಇಳಿದುಹೋಯಿತು.

ಕಾರಣ ಇದೇ ಎಂದು ವೈದ್ಯರು ಹೇಳಲಿಲ್ಲ. ಇದಲ್ಲ ಎಂದೂ ಹೇಳಲಿಲ್ಲ. ನಾವು ಬಾಯಿ ಮುಚ್ಚಿಕೊಂಡಿದ್ದರೆ ಆ ಓಣಿಯಲ್ಲಿ ಒಬ್ಬರೂ ಇದನ್ನು ಅದಕ್ಕೆ ಜೋಡಿಸುತ್ತಿರಲಿಲ್ಲ. ಆದರೆ ನಾವು ಹೋದಾಗ ಬಸಲಿಂಗವ್ವ ಸೊಸೆಯ ತಲೆಯ ಹತ್ತಿರ ಕುಳಿತು, ಅಳುತ್ತಲೇ ಬೈಯುತ್ತಿದ್ದಳು: "ಬ್ಯಾಡ ಅಂದ್ರ ಕೇಳಿದೇನ? ಬಸರಿ ಹೆಂಗಸು ಆರು ಗಡಿಗಿ ಎತ್ತಿ ಇಳಿವಿದಿ. ನಿನ್ನ ಕೈಲೆ ನೀನ ಕಳಕೊಂಡಿ." ನೀಲವ್ವ ತನ್ನ ಎರಡು ಕೈಗಳನ್ನು ನೋಡುತ್ತ ಮಲಗಿದ್ದಳು. ಅವರು ಅದನ್ನು ಸಹಿಸಲಾರದೆ ಹೋದರು.

"ಬೈಬ್ಯಾಡವ್ವ. ಅಕಿ ತಪ್ಪಲ್ಲ. ಹುಳಿ ಹಚ್ಚಿದ್ರ ಇದ್ದಲಿ ತಿಂದ ಸೀಸಾನೆಲ್ಲಾ ನೀರಿಗೆ ಕಾರತೈತಿ. ಅದನ್ನ ಹೇಳೂದು ನಾ ಮರತೆ. ಮರತದ್ದು ನಾನು."

ನಾನು ಅವರ ಎಡಗಡೆಗೆ, ಒಂದು ಮೊಳ ಅಂತರದಲ್ಲಿ ನಿಂತಿದ್ದೆ. ಒಂದೇ ವಾಕ್ಯ ಸಾಕಾಗಿತ್ತು. ನನ್ನ ಬಾಯಿ ತೆರೆಯಲಿಲ್ಲ.

ನೀಲವ್ವ ಮೊದಲ ಬಾರಿಗೆ ಮುಖ ತಿರುಗಿಸಿದಳು. ದನಿ ಏರಿಸಲಿಲ್ಲ. "ಮರತ್ರಿ? ನನ್ನಂಗ ನೀವೂ ಖಾಲಿ ತೊಟ್ಟಲಾ ನೋಡ್ರಿ, ಸರ್ರ. ಜನ್ಮೆಲ್ಲಾ ನೋಡ್ರಿ."

ಹಿಂದಿರುಗುವ ದಾರಿಯಲ್ಲಿ ಅವರು ನನ್ನನ್ನು ಏನೂ ಕೇಳಲಿಲ್ಲ. ಶಾಲೆಯ ಗೇಟಿನ ಹತ್ತಿರ ಬಂದಾಗ, ನನ್ನ ಕಡೆ ನೋಡದೆ, "ನನ್ನ ಅಕ್ಷರ ಛಂದ ಇರಲಿಲ್ಲ ಬಿಡ್ರಿ" ಎಂದರು. ಅದು ಪ್ರಶ್ನೆಯಲ್ಲ, ನನಗಾಗಿ ತೆರೆದಿಟ್ಟ ಒಂದು ಬಾಗಿಲು. ನಾನು ಅದರಲ್ಲಿ ನುಗ್ಗಿದೆ. "ಹೌದು, ಒಂದೆರಡು ಸಾಲುಗಳು ಓದಲು ಬರಲಿಲ್ಲ" ಎಂದೆ. ಅವರು ತಲೆಯಾಡಿಸಿದರು. ಆ ಸಂಜೆ ನಾನು ಅವರ ಹಾಳೆಯನ್ನು ಒಲೆಗೆ ಹಾಕಿದೆ. ಪ್ರತಿ ಅಕ್ಷರವೂ ಉರಿಯುವ ಮುಂಚೆ ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಮರುದಿನ ನನ್ನ ಹಲಗೆ ಅಲ್ಲಿರಲಿಲ್ಲ. ಬಾವಿಯ ಗೋಡೆಯ ಮೇಲೆ, ಅಂಗೈ ಅಗಲದ ವಕ್ರ ಅಕ್ಷರಗಳಲ್ಲಿ, ಇದ್ದಿಲಿನಿಂದಲೇ ಬರೆದ ಒಂದು ಸಾಲಿತ್ತು: 'ಹುಳಿ ಮುಟ್ಟಸಬ್ಯಾಡ್ರಿ.' ಮಳೆಗೆ ಅಳಿಸಿದಾಗಲೆಲ್ಲ ಅವರು ಅದನ್ನು ಮತ್ತೆ ಬರೆದರು.

ಮುದ್ದೇಬಿಹಾಳದ ಕಡೆ ಅವರಿಗೆ ಒಂದು ಸಂಬಂಧ ಗೊತ್ತಾಗಿತ್ತು, ನಿಶ್ಚಯದ ವೀಳ್ಯವೂ ಆಗಿತ್ತು. ಆ ಚಳಿಗಾಲದಲ್ಲಿ ಅವರೇ ಅದನ್ನು ಬಿಟ್ಟರು. ಆಮೇಲೆ ಮದುವೆಯಾಗಲಿಲ್ಲ. ಕೇಳಿದವರಿಗೆ, "ನನ್ನ ಕೈ ಮಸಿ ಹೋಗಂಗಿಲ್ಲ, ಅರಿಶಿಣ ಎಲ್ಲಿ ಹಚ್ತೀರಿ?" ಎಂದು ನಗಿಸುತ್ತಿದ್ದರು. ಆ ಮಾತಿಗೆ ನಗದೆ ಉಳಿಯುತ್ತಿದ್ದವನು ನಾನೊಬ್ಬ. ಎರಡು ವರ್ಷಗಳಲ್ಲಿ ನಮ್ಮಿಬ್ಬರಿಗೂ ಬೇರೆಬೇರೆ ಊರುಗಳಿಗೆ ವರ್ಗವಾಯಿತು. ಕೆಲವು ಕಾಲದ ನಂತರ ನಾನು ಶಾಲೆಯನ್ನೇ ಬಿಟ್ಟೆ. ಈಗ ಇಂಡಿ ಪಟ್ಟಣದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಒಂದು ಸಾಲನ್ನು ಹೊಡೆಯುವ ಮೊದಲು ಬರೆದವರನ್ನು ಹುಡುಕಿಕೊಂಡು ಹೋಗುವ ನನ್ನ ಚಟವನ್ನು ಅಲ್ಲಿಯವರು ನಗೆಗೆ ಈಡುಮಾಡುತ್ತಾರೆ.

ಸುದ್ದಿ ತಿಳಿದ ವಾರದೊಳಗೆ ನಾನು ಸಿಂದಗಿಗೆ ಹೋದೆ. ಬಸಲಿಂಗವ್ವ ಈಗಿಲ್ಲ. ಖಾನಾವಳಿ ನೀಲವ್ವನ ಕೈಯಲ್ಲಿದೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಗುರುತು ಹಿಡಿದಳು. ಊಟದ ಹೊತ್ತು ಮುಗಿದಿತ್ತು. ಒಳಗೆ ಯಾರೂ ಇರಲಿಲ್ಲ. ನಾನು ಹೊಸ್ತಿಲ ಹೊರಗೆ ನಿಂತುಕೊಂಡೇ ಹೇಳಿದೆ. ಗ್ರಾಂಥಿಕ ನನ್ನನ್ನು ಕೈಬಿಟ್ಟಿತು. ಬಾಯಿಗೆ ಬಂದುದು ನನ್ನ ತಾಯಿಯ ಮಾತು.

"ಅವರು ಮರತಿರಲಿಲ್ಲವ್ವ. ಬರದು ಕೊಟ್ಟಿದ್ರು. ಹುಳಿ ಮುಟ್ಟಸಬ್ಯಾಡ್ರಿ ಅಂತ ಬರದಿದ್ರು. ನಾನು ಅದನ್ನ ತಗದೆ. ಸ್ವಚ್ಛ ಇಡ್ರಿ ಅಂತ ಬರದಾವ ನಾನು. ಅವರು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ."

ಅವಳು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

"ಅವರು ಇನ್ನಾ ಅದಾರೇನು?"

"ಇಲ್ಲ. ಹೋಗಿ ತಿಂಗಳಾತು."

ಅವಳು ಓಣಿಯಲ್ಲಿ ಬಾವಿಯಿದ್ದ ಕಡೆ ನೋಡಿದಳು. ಬಾವಿಯನ್ನು ಮುಚ್ಚಿ, ನಳ ಬಂದು ವರ್ಷಗಳಾಗಿವೆ.

"ನಳ ಬರೂ ತನಕ ವರ್ಷಾ ಮಹಾನವಮಿ ಮುಂದ ಬರತಿದ್ರು, ಮಾಸ್ತರ. ಒಂದು ಚೀಲ ಇದ್ದಲಿ ಇಲ್ಲೆ, ಈ ಬಾಗಲಾಗ ಇಟ್ಟು, ಸ್ವಲ್ಪ ಹೊತ್ತು ನಿಂತು ಹೋಗತಿದ್ರು. ನನಗ ಮುಂದ ಎರಡು ಕೂಸಾದುವು. ಅವನ್ನ ಎತಗೊಂಡು ಇಲ್ಲೆ ಕುಂತಿರತಿದ್ನಿ. ಕೂಸಿನ ಮಾರಿ ನೋಡೋರು, ನನ್ನ ಮಾರಿ ನೋಡತಿರಲಿಲ್ಲ. ಒಂದು ವರ್ಷಾನೂ ನಾ ಅವರಿಗೆ ಒಳಗ ಬರ್ರಿ ಅನಲಿಲ್ಲ."

ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಈಗ ಯಾರಿಗೆ ಅನ್ಲಿ?"

ನಾನು ಹೊಸ್ತಿಲಿನ ಹೊರಗೆ ನಿಂತೇ ಇದ್ದೆ. ಅವಳು ನನಗೂ ಅನ್ನಲಿಲ್ಲ.